ಸಾಕ್ಷಿಯ ತಲೆ ಕೊಯ್ದ ಶಿಷ್ಯ

ಈ ಕಥೆಯಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಹರಿಯುವ ಹಳ್ಳದಲ್ಲಿ ನಿಂತು ಆಣೆ ಮಾಡಬಹುದು, ಈದ ಹಸುವಿನ ಬಾಲ ಹಿಡಿದು ಆಣೆ ಮಾಡಬಹುದು, ಉರಿಯುವ ಒಲೆಯ ಮುಂದೆ ಕೂತು ಮಾಡಬಹುದು. ಸತ್ಯಕ್ಕೆ ಇಷ್ಟು ಹೆಸರಾದ ಬಾಯಿ ಸುತ್ತ ಏಳು ಹಳ್ಳಿಯಲ್ಲಿ ಇನ್ನೊಂದಿಲ್ಲ. ಇನ್ನೊಂದಿತ್ತು. ಈ ಬಾಯಿಯ ಎದುರು ನಾಚಿ, ಹೋದ ವರ್ಷ ಹಲ್ಲೆಲ್ಲ ಉದುರಿಸಿಕೊಂಡಿತು.

ಕೇಳಿ.

ಹಿರೇಹಳ್ಳದ ದಂಡೆಯ ಮೇಲೆ ಒಂದು ಮಠವಿತ್ತು. ಮಠವೆಂದರೆ ಶಿಖರ, ಕಳಸ ಏನೂ ಇಲ್ಲ. ಒಂದು ಬನ್ನಿ ಗಿಡ, ಒಂದು ಅಡುಗೆಮನೆ, ಒಂದು ದೊಡ್ಡ ದನದ ಕೊಟ್ಟಿಗೆ, ಒಂದು ಹೊಲ.

ಬನ್ನಿ ಗಿಡದ ಕೆಳಗೆ ಕೂರುತ್ತಿದ್ದ ಗುರುಗಳನ್ನು ಜನ ಬನ್ನಿಯಜ್ಜ ಎಂದು ಕರೆಯುತ್ತಿದ್ದರು. ಎಂಬತ್ತು ದಾಟಿದ ದೇಹ, ಒಣಗಿದ ತೊಗರಿಕಟ್ಟಿಗೆಯ ಹಾಗೆ. ಮಾತು ಮಾತ್ರ ಹಸಿ ಮೆಣಸಿನಕಾಯಿ.

ಅವರಿಗೆ ಒಬ್ಬನೇ ಶಿಷ್ಯ, ಮುರಿಗೆಪ್ಪ. ಅಡುಗೆ, ದನ, ಹೊಲ ಎಲ್ಲ ಅವನದೇ.

ಮುರಿಗೆಪ್ಪ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಒಳ್ಳೆಯದು ಮಾಡುವ ಅವಸರದಲ್ಲಿ ಎಡವಿ ಬೀಳುವಷ್ಟು. ಒಮ್ಮೆ ಹಳ್ಳದಲ್ಲಿ ಮುಳುಗುತ್ತಿದೆಯೆಂದು ಎಮ್ಮೆಯೊಂದನ್ನು ಹೇಗೋ ಏನೋ ಒಬ್ಬನೇ ದಂಡೆಗೆ ಎಳೆದು ಹಾಕಿದ್ದ. ಎಮ್ಮೆ ಮೀಯುತ್ತಿತ್ತು.

ಇನ್ನು ಹೊಲ. ಹಳ್ಳ ನೂರಾರು ವರ್ಷ ಹೊತ್ತು ತಂದು ಹಾಸಿದ ಮೆಕ್ಕಲು ಮಣ್ಣು ಅದು. ಅಲ್ಲಿ ಊರುಗೋಲು ಊರಿಕೊಂಡು ಹರಟೆ ಹೊಡೆಯುವ ಹಾಗಿರಲಿಲ್ಲ. ಮಾತು ಮುಗಿಯುವುದರೊಳಗೆ ಕೋಲು ಚಿಗುರುತ್ತಿತ್ತು. ಜೋಳ ಎಷ್ಟೆತ್ತರ ಬರುತ್ತಿತ್ತೆಂದರೆ, ಗಿಳಿಗಳು ಒಂದೇ ಉಸಿರಿಗೆ ತೆನೆ ಮುಟ್ಟಲಾರದೆ ನಡುವೆ ಕೂತು ದಣಿವಾರಿಸಿಕೊಳ್ಳುತ್ತಿದ್ದವು. ಮಠಕ್ಕೆ ಬಂದವರಿಗೆಲ್ಲ ಆ ಜೋಳದ ರೊಟ್ಟಿಯೇ ದಾಸೋಹ.

ಒಂದು ಶ್ರಾವಣದಲ್ಲಿ ಹಳ್ಳಕ್ಕೆ ಹುಚ್ಚು ಹಿಡಿಯಿತು.

ಕೆಳಗಡೆ ತಗ್ಗಿನಹಾಳ ಎಂಬ ನಲವತ್ತು ಮನೆಯ ಊರಿತ್ತು. ಹಳ್ಳ ಒಂದೇ ದಿನದಲ್ಲಿ ಆ ಊರನ್ನು ತೊಳೆದುಕೊಂಡು ಹೋಯಿತು. ಜನ ಉಳಿದರು. ಗೋಡೆ ಉಳಿಯಲಿಲ್ಲ.

ನಲವತ್ತು ಮನೆಯವರೂ ಮಠದ ಕೊಟ್ಟಿಗೆಗೆ ಬಂದು ಸೇರಿದರು. ಎತ್ತುಗಳು ಸರಿದು ಜಾಗ ಕೊಟ್ಟವು.

ಅವರಲ್ಲಿ ಗಂಗವ್ವ ಎಂಬ ಮುದುಕಿ. ಅವಳಿಗೆ ಸಿಕ್ಕ ಜಾಗ ಎತ್ತಿನ ಹಿಂಗಾಲಿನ ಪಕ್ಕ. ಬೆಳಿಗ್ಗೆ ಎತ್ತಿನ ಬಾಲವೇ ಅವಳ ಮುಖ ಒರೆಸುತ್ತಿತ್ತು.

"ನನ್ನ ಸೊಸಿನೂ ಇಷ್ಟು ಸೇವಾ ಮಾಡಿದ್ದಿಲ್ಲ ಬಿಡ್ರಿ," ಎಂದು ನಗುತ್ತಿದ್ದಳು. ನಕ್ಕ ಮೇಲೆ ಕೆಮ್ಮುತ್ತಿದ್ದಳು. ಕೆಮ್ಮು ಶುರುವಾದರೆ ಎತ್ತೂ ಎದ್ದು ನಿಲ್ಲುತ್ತಿತ್ತು.

ಆ ಕೆಮ್ಮು ಮುರಿಗೆಪ್ಪನ ಗಂಟಲಲ್ಲಿ ರೊಟ್ಟಿ ಇಳಿಯದಂತೆ ಮಾಡಿತು. ಸಂಕ್ರಾಂತಿ ಮುಗಿಯುತ್ತಲೇ ಅವನು ಅಜ್ಜನ ಮುಂದೆ ಬಂದು ನಿಂತ.

"ಅಜ್ಜಾರ, ಮುಂದಿನ ಮಳಿಗಾಲದೊಳಗ ಈ ಜನಕ್ಕ ಮನಿ ಆಗಬೇಕು."

"ಆಗಬೇಕು."

"ಇಟ್ಟಂಗಿ ಸುಡಬೇಕು. ಸುತ್ತ ಎಲ್ಲಾ ಎರಿ ಮಣ್ಣು, ಒಣಗಿದ್ರ ಬಿರೀತೈತಿ. ಇಟ್ಟಂಗಿಗೆ ಬರೂ ಮಣ್ಣು ಅಂದ್ರ ನಮ್ಮ ಹೊಲದ್ದೊಂದ."

"ಹೌದು."

"ತಗೀಲೇನ್ರಿ?"

"ಎಷ್ಟು?"

"ಬೇಕಾದಷ್ಟು."

"ಯಾರಿಗೆ ಬೇಕಾದಷ್ಟು?"

"ಜನಕ್ಕರಿ."

ಅಜ್ಜ ಕೊಟ್ಟಿಗೆಯ ಕಡೆ ನೋಡಿದರು. ಗಂಗವ್ವ ಕೆಮ್ಮುತ್ತಿದ್ದಳು.

"ತಗಿ."

ಮುರಿಗೆಪ್ಪ ಕಣ್ಣು ಕಣ್ಣು ಬಿಟ್ಟ. ವಾದಕ್ಕೆಂದು ಹನ್ನೆರಡು ಮಾತು ಕಟ್ಟಿಕೊಂಡು ಬಂದಿದ್ದ. ಹನ್ನೆರಡೂ ಬಾಯಲ್ಲೇ ಉಳಿದವು.

"ಬ್ಯಾಡ ಅಂತೀರಿ ಅನ್ಕೊಂಡಿದ್ನಿ."

"ಮನಿ ಇಲ್ಲದವರ ಮುಂದ ಕುಂತು 'ಮಣ್ಣು ಮುಟ್ಟಬ್ಯಾಡ್ರಿ' ಅನ್ನೂವಷ್ಟು ದೊಡ್ಡ ಸ್ವಾಮಿ ನಾ ಇನ್ನೂ ಆಗಿಲ್ಲೋ."

"ಆದ್ರ ಹೊಲಕ್ಕ..."

"ಹೊಲಕ್ಕ ನೋವಾಕ್ಕೈತಿ. ನೋವಾಗೂದಿಲ್ಲ ಅಂತ ನಿನಗ ನೀನ ಸುಳ್ಳು ಹೇಳ್ಕೋಬ್ಯಾಡ. ಅಷ್ಟ."

ವಾರದೊಳಗೆ ಮಣ್ಣು ಅಗೆಯುವವರ ಗುಂಪು ಬಂತು. ಹನ್ನೆರಡು ಜನ, ಆರು ಕತ್ತೆ, ಸಲಿಕೆ, ಬುಟ್ಟಿ. ಗುಂಪಿನ ಹಿರಿಯಳು ಹುಲಿಗೆವ್ವ. ಅವಳು ನೆಲ ನೋಡಿ ಆಳದಲ್ಲಿ ಏನಿದೆ ಎಂದು ಹೇಳುತ್ತಿದ್ದಳು. ಮನುಷ್ಯರನ್ನು ನೋಡಿಯೂ ಹೇಳುತ್ತಿದ್ದಳು, ಆದರೆ ಕೇಳಿದರೆ ಮಾತ್ರ.

ಅವಳು ಒಂದು ಹೆಂಟೆ ಮುರಿದು, ಮೂಸಿ, ಚೂರು ನಾಲಿಗೆಯ ಮೇಲಿಟ್ಟುಕೊಂಡಳು.

"ಯಪ್ಪಾ, ಇದನ್ನ ಸುಡ್ತೀರೇನು? ಉಪ್ಪು ಹಚ್ಕೊಂಡು ತಿನ್ನೂವಂಗ ಐತಿ."

"ಮನಿ ಬೇಕಲ್ಲ ಹುಲಿಗೆವ್ವಾ. ಎಷ್ಟು ಆಳ ತಗೀಬಹುದು?"

"ಮೊಣಕಾಲಮಟ ತಗದ್ರ ಹೊಲ ಅಳತೈತಿ. ಸೊಂಟದಮಟ ತಗದ್ರ ಅಳೂದು ಬಿಡತೈತಿ."

"ಅಂದ್ರ ಸಮಾಧಾನ ಆಕ್ಕೈತಿ?" ಎಂದ ಮುರಿಗೆಪ್ಪ, ಆಸೆಯಿಂದ.

"ಸತ್ತವರು ಅಳೂದಿಲ್ಲ ಯಪ್ಪಾ."

ಹುಲಿಗೆವ್ವ ಹೆಜ್ಜೆ ಹಾಕಿ ಹೊಲ ಅಳೆದಳು, ಬೆರಳು ಮಡಿಚಿ ಲೆಕ್ಕ ಹಿಡಿದಳು.

"ನಲವತ್ತು ಮನಿಗೆ ಮೊಣಕಾಲಮಟ ಸಾಕು. ಮ್ಯಾಲಿನ ಒಂದು ಗೇಣು ಮಣ್ಣನ್ನ ಸುಡೂದು ಬ್ಯಾಡ. ಅದನ್ನ ಬ್ಯಾರೆ ಒಟ್ಟಿಡೂನು. ಕೆಳಗಿಂದು ತಗದ ಮ್ಯಾಲೆ ತಿರುಗಿ ಹರವೂನು. ಬೀಜ ಹುಟ್ಟೂದು ಆ ಒಂದು ಗೇಣಿನಾಗ."

"ಯಾವಾಗ ಒಟ್ಟೂದು, ಯಾವಾಗ ಹರವೂದು! ಆ ಮುದುಕಿ ಕೆಮ್ಮು ಕೇಳಿಯೇನು? ಎಲ್ಲಾ ಒಟ್ಟಿಗೇ ತಗೀರಿ."

ಹುಲಿಗೆವ್ವ ಅವನ ಮುಖ ನೋಡಿದಳು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮಣ್ಣು ಅಗೆಯುವವರಲ್ಲಿ ಒಂದು ಪದ್ಧತಿಯಿದೆ. ಅಗೆಯುವ ಜಾಗದ ನಡುವೆ ಒಂದು ಮೊಳದಷ್ಟು ನೆಲವನ್ನು ಮುಟ್ಟದೆ ಹಾಗೇ ಬಿಡುತ್ತಾರೆ. ಸುತ್ತ ತಗ್ಗಾದಂತೆ ಅದು ಕಂಬವಾಗಿ ನಿಲ್ಲುತ್ತದೆ, ತಲೆಯ ಮೇಲೆ ಹಳೆಯ ನೆಲದ ಹುಲ್ಲನ್ನು ಹೊತ್ತುಕೊಂಡು. ಎಷ್ಟು ಆಳ ಅಗೆದರು ಎಂದು ಅದನ್ನು ನೋಡಿ ಅಳೆದು ಕೂಲಿ ಕೊಡುವುದು. ಅದರ ಹೆಸರು ಸಾಕ್ಷಿ.

ಹುಲಿಗೆವ್ವ ಹೊಲದ ನಡುವೆ ಸಾಕ್ಷಿ ಬಿಟ್ಟು, ಅದಕ್ಕೆ ಕೈ ಮುಗಿದು, ಮೊದಲ ಸಲಿಕೆ ಹಾಕಿದಳು.

ಕೆಲಸ ಭರದಿಂದ ನಡೆಯಿತು. ಅಗೆದರು, ಕಲಸಿದರು, ಅಚ್ಚಿಗೆ ಹಾಕಿದರು, ಒಣಗಿಸಿದರು, ಭಟ್ಟಿ ಕಟ್ಟಿ ಸುಟ್ಟರು. ತಗ್ಗಿನಹಾಳದವರೇ ಹಗಲೆಲ್ಲ ಮಣ್ಣು ತುಳಿದರು. ಗಂಗವ್ವನೂ ತುಳಿಯಲು ಬಂದಳು. ಕೆಮ್ಮುತ್ತ ಕೆಮ್ಮುತ್ತ ನಾಲ್ಕು ಜನರಷ್ಟು ತುಳಿದಳು; ಕೆಮ್ಮಿನ ರಭಸಕ್ಕೆ ಕಾಲು ತಾನಾಗಿಯೇ ಏಳುತ್ತಿತ್ತು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಮೊಣಕಾಲಮಟ್ಟ ಆಗಿತ್ತು. ನಲವತ್ತು ಮನೆಗೂ ಇಟ್ಟಿಗೆ ಆಗಿತ್ತು. ಎತ್ತರದ ಜಾಗ ನೋಡಿ ಗೋಡೆಗಳು ಏಳತೊಡಗಿದವು.

ಅಲ್ಲಿಗೆ ಸಲಿಕೆ ತೊಳೆದು ಇಡಬೇಕಿತ್ತು.

ಆದರೆ ಗಂಗವ್ವ ಬಂದಳು. "ಎಪ್ಪಾ ಮುರಿಗೆಪ್ಪಾ, ಮನಿ ಆತು. ಮನಿ ಮುಂದ ಒಂದು ಕಟ್ಟಿ ಇಲ್ಲದಿದ್ರ ಎಲ್ಲಿ ಕುಂತು ಮಂದೀನ ಬೈಯಲಿ?"

ನ್ಯಾಯವಾದ ಮಾತು. ನಲವತ್ತು ಮನೆಗೆ ನಲವತ್ತು ಕಟ್ಟೆ. ಇನ್ನೊಂದು ಗೇಣು ಅಗೆದರು.

ಕಟ್ಟೆಯ ಇಟ್ಟಿಗೆ ಭಟ್ಟಿಗೆ ಹೋದ ದಿನ ಮುರಿಗೆಪ್ಪ ದೂರ ನಿಂತು ಮಠವನ್ನು ನೋಡಿದ. ನಲವತ್ತು ಮನೆ ಕಟ್ಟಿಸಿದ ಗುರುವಿಗೆ ಒಂದು ಬಾಗಿಲಾದರೂ ಬೇಡವೆ? ಆನೆ ನುಗ್ಗುವಂಥ ಮಹಾದ್ವಾರ. ಅದರ ಮೇಲೆ ಅಜ್ಜನ ಹೆಸರು. ಎರಡೂ ಕಡೆ ಎತ್ತರದ ಪೌಳಿ ಗೋಡೆ. ಮುಂದಿನ ನೂರು ವರ್ಷ ದಾರಿಹೋಕರು ನಿಂತು ಕೈ ಮುಗಿಯಬೇಕು.

ಅವನಿಗೆ ಕಣ್ಣಲ್ಲಿ ನೀರು ಬಂತು. ಅಜ್ಜನಿಗೆ ಹೇಳಲಿಲ್ಲ. ಹುಲಿಗೆವ್ವನಿಗೆ, "ಇನ್ನೊಂದು ಸ್ವಲ್ಪ," ಎಂದ.

ಆ ಇನ್ನೊಂದು ಸ್ವಲ್ಪ ತೊಡೆ ದಾಟಿತು. ಸೊಂಟದ ಕಡೆ ಹೊರಟಿತು.

ನಡುವೆ ನಿಂತ ಸಾಕ್ಷಿ ದಿನದಿನಕ್ಕೆ ಎತ್ತರವಾಗುತ್ತಿತ್ತು. ಮುರಿಗೆಪ್ಪನಿಗೆ ಅದರ ಕಡೆ ನೋಡಲು ಆಗದಾಯಿತು. ಬೆನ್ನು ಮಾಡಿ ನಿಂತರೆ ಬೆನ್ನಿಗೆ ನೋಡಿದ ಹಾಗಾಗುತ್ತಿತ್ತು. ಗಾಳಿಗೆ ಅದರ ತಲೆಯ ಹುಲ್ಲು ಅವನ ಕಡೆಗೇ ಬಾಗುತ್ತಿತ್ತು.

ಒಂದು ಮಧ್ಯಾಹ್ನ ಗುಂಪಿನವರೆಲ್ಲ ಬನ್ನಿ ಗಿಡದ ನೆರಳಿನಲ್ಲಿ ರೊಟ್ಟಿ ಬಿಚ್ಚಿದ್ದರು. ಮುರಿಗೆಪ್ಪ ಸಲಿಕೆ ಎತ್ತಿಕೊಂಡು ತಗ್ಗಿಗೆ ಇಳಿದ. ಆಚೆ ಈಚೆ ನೋಡಿದ. ಸಾಕ್ಷಿಯ ತಲೆಗೆ ಎರಡು ಏಟು ಹಾಕಿದ.

ಒಂದೂವರೆ ಗೇಣು ಮಣ್ಣು ಹುಲ್ಲಿನ ಸಮೇತ ಉರುಳಿತು. ಅದನ್ನು ಕಾಲಿನಿಂದ ಹರಡಿದ. ಎಂಥ ನೆಮ್ಮದಿ! ಎರಡೇ ಏಟಿಗೆ ಹೊಲದ ಅರ್ಧ ಗಾಯ ಮಾಯವಾಗಿತ್ತು.

ಊಟ ಮುಗಿಸಿ ಬಂದ ಹುಲಿಗೆವ್ವ ತಗ್ಗಿನ ಅಂಚಿನಲ್ಲೇ ನಿಂತಳು.

"ಈ ಸಾಕ್ಷಿಗೆ ಜವಳ ಯಾರು ತಗದ್ರು?"

"ಬಿಸಲಿಗೆ ಉದುರಿರಬೇಕು," ಎಂದ ಮುರಿಗೆಪ್ಪ.

"ಬಿಸಲಿನ ಕೈಯಾಗ ಸಲಿಕಿ ಇತ್ತೇನು?"

ಹುಲಿಗೆವ್ವ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ಅವಳ ನಗುವಿಗೆ ಆರೂ ಕತ್ತೆಗಳು ಕಿವಿ ನಿಮಿರಿಸಿದವು.

"ಜಾಸ್ತಿ ಆಳ ತೋರಿಸಾಕ ಸಾಕ್ಷಿ ತಲಿಗೆ ಮಣ್ಣು ಮೆತ್ತಿದ ಕಳ್ಳರನ್ನ ನೋಡೀನಿ. ನಮ್ಮವರಾಗೂ ನೋಡೀನಿ. ತಲಿ ಕೊಯ್ದ ಧರ್ಮಾತ್ಮನ್ನ ಇವತ್ತ ನೋಡಿದ್ದು!"

ನಗು ಬನ್ನಿ ಗಿಡದ ತನಕ ಕೇಳಿಸಿತು. ಅಜ್ಜ ಕೋಲೂರಿಕೊಂಡು ಬಂದರು.

ಅವರು ತಗ್ಗಿಗೆ ಇಳಿದು, ಸಾಕ್ಷಿಯ ಬೋಳು ತಲೆಯ ಮೇಲೆ ಅಂಗೈಯಾಡಿಸಿದರು, ಜ್ವರ ನೋಡುವ ಹಾಗೆ. ಮುರಿಗೆಪ್ಪ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ.

"ಪಾಪ, ಇದಕ್ಕ ಬಾಯಿಲ್ಲ," ಎಂದರು ಅಜ್ಜ. "ಕೊಯ್ದ್ರೂ ಸುಮ್ಮನಿತ್ತು. ಬಾಯಿದ್ದದ್ದು ಒಂದು ಬೇಕು."

ಬದುವಿನಿಂದ ಎರಡು ಮಾರು ಈಚೆ ಇನ್ನೂ ಅಗೆಯದ ಒಂದಿಷ್ಟು ನೆಲವಿತ್ತು. ಅಲ್ಲಿ ಕಂಬಳಿ ಹಾಸಿ ಕೂತರು.

"ನಾಳಿಂದ ನಾ ಇಲ್ಲಿ ಕುಂಡ್ರತೀನಿ. ನನ್ನ ಸುತ್ತ ಅಗೀರಿ."

"ಅಜ್ಜಾರ!"

"ಕಂಬಳಿಯಷ್ಟು ಜಾಗ ಬಿಡ್ರಿ ಸಾಕು. ಮುದುಕಗ ಎಷ್ಟು ಬೇಕು?"

"ಅಗಿಯೂದು ನಿಲ್ಲಸಲೇನ್ರಿ?"

"ನಾ ನಿಲ್ಲಸು ಅಂದ್ನೇನು?"

"ಇಲ್ರಿ."

"ಮತ್ತ?"

ಮುರಿಗೆಪ್ಪನ ನಾಲಿಗೆಯ ತುದಿಗೆ 'ನಿಲ್ಲಸ್ತೀನಿ' ಎಂಬ ಮಾತು ಬಂದಿತ್ತು. ಅಷ್ಟರಲ್ಲಿ ಮಹಾದ್ವಾರ ಕಣ್ಣ ಮುಂದೆ ಬಂತು. ಮಾತು ಒಳಗೆ ಹೋಯಿತು.

ಮರುದಿನದಿಂದ ಅಜ್ಜ ಬೆಳಿಗ್ಗೆ ಬಂದು ಕೂತರೆ ಹೊತ್ತು ಮುಳುಗುವಾಗಲೇ ಏಳುವುದು. ಸುತ್ತ ತಗ್ಗಾದ ಮೇಲೆ ಬದುವಿನಿಂದ ಒಂದು ಹಲಗೆ ಹಾಕಿಸಿಕೊಂಡರು. ಹಲಗೆಯ ಮೇಲೆ ನಡೆದು ಬರುವುದು, ನಡೆದು ಹೋಗುವುದು. ತಗ್ಗಿಗೆ ಕಾಲಿಡಲಿಲ್ಲ.

ಮೊದಲ ದಿನ ಮುರಿಗೆಪ್ಪ ಬಗ್ಗಿ ಊಟ ಬಡಿಸಿದ. ನಾಲ್ಕನೆಯ ದಿನ ನಿಂತು ಬಡಿಸಿದ. ಹತ್ತನೆಯ ದಿನ ಗಂಗಾಳವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

ಕಂಬ ತಾಳೆಮರದಷ್ಟು ಎತ್ತರವಾಯಿತು, ಮೋಡ ಬಂದು ಅಜ್ಜನ ಗಡ್ಡ ತೋಯಿಸುತ್ತಿತ್ತು, ಹದ್ದುಗಳು ದಾರಿ ಕೇಳಿಕೊಂಡು ಹೋಗುತ್ತಿದ್ದವು ಎಂದು ಹೇಳುವವರಿದ್ದಾರೆ. ಅಂಥವರನ್ನು ನಂಬಬೇಡಿ. ಎದೆಮಟ್ಟ, ಅಷ್ಟೆ. ಆದರೆ ಎದೆಮಟ್ಟದ ಕಂಬದ ಮೇಲೆ ಕೂತ ಗುರುವಿಗೆ ಬಡಿಸುವಾಗ ಗುರುವಿನ ಪಾದ ಶಿಷ್ಯನ ಗಲ್ಲಕ್ಕೆ ತಾಗುತ್ತದೆ. ತಾಳೆಮರಕ್ಕಿಂತ ಅದು ಎತ್ತರ.

"ಅಜ್ಜಾರ, ಇಳೀರಿ. ನನಗ ನೋಡಾಕ ಆಗವಲ್ದು."

"ನಾ ಏರೇ ಇಲ್ಲಲ್ಲೋ. ನೀ ಇಳದೀ."

ಇನ್ನೊಂದು ದಿನ, ಮಜ್ಜಿಗೆ ಕೊಡುತ್ತ ಕೇಳಿದ, "ಅಲ್ಲಿಂದ ಏನು ಕಾಣತೈತ್ರಿ?"

"ಹೋದ ವರ್ಷದ ಹೊಲ."

ಮುರಿಗೆಪ್ಪ ಆ ದಿನ ಊಟ ಮಾಡಲಿಲ್ಲ. ಆದರೂ ಮರುದಿನ ಸಲಿಕೆಗಳು ಏಳುವುದು ನಿಲ್ಲಲಿಲ್ಲ. ಮಹಾದ್ವಾರದ ಹಸಿ ಇಟ್ಟಿಗೆಗಳು ಹಳ್ಳದ ದಂಡೆಯುದ್ದಕ್ಕೂ ಒಣಗುತ್ತ ಬಿದ್ದಿದ್ದವು. ಅವು ಸಾಲು ಸಾಲಾಗಿ ಮಲಗಿದ್ದು ನೋಡಿದರೆ ಅವನಿಗೆ ಗೋಡೆ ಆಗಲೇ ಎದ್ದು ನಿಂತ ಹಾಗೆ ಕಾಣುತ್ತಿತ್ತು.

ಯುಗಾದಿ ಮುಗಿದ ಹತ್ತನೆಯ ದಿನ, ಮಧ್ಯಾಹ್ನ, ಪಡುವಣದಲ್ಲಿ ಮೋಡ ಕಪ್ಪಾಯಿತು. ಯಾರೂ ಕರೆಯದ ಅಡ್ಡಮಳೆ. ಒಂದೊಂದು ಹನಿ ಒಂದೊಂದು ಬೋರೆಹಣ್ಣಿನಷ್ಟು.

ಮೊದಲ ಅಬ್ಬರಕ್ಕೇ ಬದು ಕುಸಿಯಿತು. ಹಲಗೆ ತಗ್ಗಿಗೆ ಬಿತ್ತು. ಅಜ್ಜ ಕಂಬದ ಮೇಲೆ ಒಬ್ಬರೇ ಉಳಿದರು.

ಮುರಿಗೆಪ್ಪ ಓಡಿ ಬಂದ. ಕಂಬದ ಬುಡದಲ್ಲಿ ಮಣ್ಣು ಸಡಿಲವಾಗಿ ಜಾರುತ್ತಿತ್ತು. ನಡುವೆ ಒಂದು ಬಿರುಕು, ಬೆರಳು ಹೋಗುವಷ್ಟು. ಎಂಬತ್ತು ವರ್ಷದ ಮೂಳೆ ಅಲ್ಲಿಂದ ಬಿದ್ದರೆ ಆರಿಸಿಕೊಳ್ಳಲು ಬುಟ್ಟಿ ಬೇಕಾಗುತ್ತಿತ್ತು.

"ಅಜ್ಜಾರ! ಏಣಿ ತರ್ತೀನಿ, ಇಳೀರಿ!"

"ಏಣಿ ಹಚ್ಚಿದ್ರ ನಾ ಬರ್ತೀನಿ. ಹೊಲ ಬರತೈತೇನು?"

"ಈಗ ಹಂಗೆಲ್ಲಾ ಮಾತಾಡಬ್ಯಾಡ್ರಿ! ಕಂಬ ಬಿರದೈತಿ!"

"ಗೊತ್ತೈತಿ. ಮ್ಯಾಲೆ ಕುಂತಾಂವ ನಾ." ಅಜ್ಜ ಮುಖದ ನೀರು ಒರೆಸಿಕೊಂಡರು. "ಮನಿಗೆ ಇಟ್ಟಂಗಿ ಆದ್ವೇನು?"

"ಆಗ್ಯಾವ್ರಿ. ನಲವತ್ತಕ್ಕೂ ಆಗ್ಯಾವ."

"ಯಾವಾಗ?"

ಮುರಿಗೆಪ್ಪ ಜಾರುತ್ತಿದ್ದ ಮಣ್ಣನ್ನು ಅಂಗೈಯಿಂದ ಒತ್ತಿ ಹಿಡಿದ.

"ಹೋಳಿ ಹುಣ್ಣಿವಿಗೆ."

"ಕಟ್ಟಿಗೋಳಿಗೆ?"

"ಅವೂ ಆಗ್ಯಾವ. ಹೋಳಿ ಆದ ಆರು ದಿನಕ್ಕ."

"ಮತ್ತ ಇನ್ನೂ ಯಾಕ ಅಗಿಯಾಕ ಹತ್ತೀದಿ?"

ಮುರಿಗೆಪ್ಪ ಕೆಸರಿನಲ್ಲಿ ಮೊಣಕಾಲೂರಿದ. "ಮಹಾದ್ವಾರಕ್ಕರಿ. ಪೌಳಿಗೂ. ನಿಮ್ಮ ಹೆಸರಿಲೆ. ನಾಲ್ಕು ಮಂದಿ ನಿಮ್ಮನ್ನ ನೆನಸಲಿ ಅಂತ ಮಾಡಿದ್ನಿ. ಒಳ್ಳೇದಕ್ಕ ಮಾಡಿದ್ನಿ ಅಜ್ಜಾರ."

"ಎಷ್ಟು ಇಟ್ಟಂಗಿ?"

"ಒಂದು ಲಕ್ಷ."

ಅಜ್ಜ ಮೆಲ್ಲಗೆ, ನೊಂದವರ ದನಿಯಲ್ಲಿ ಕೇಳಿದರು.

"ನನ್ನ ಹೆಸರು ಅಷ್ಟು ಭಾರ ಆಗೇತೇನು?"

ಕಂಬದ ಒಂದು ಮೂಲೆ ಕಳಚಿ ಮುರಿಗೆಪ್ಪನ ತೊಡೆಯ ಮೇಲೆ ಬಿತ್ತು.

ಅವನು ಎದ್ದ. ಏಣಿಯ ಕಡೆ ಓಡಲಿಲ್ಲ. ದಂಡೆಯ ಕಡೆ ಓಡಿದ. ಎದೆಗೆ ಒತ್ತಿಕೊಂಡು ಹಿಡಿಯುವಷ್ಟು ಹಸಿ ಇಟ್ಟಿಗೆ ತಂದು ಕಂಬದ ಬುಡಕ್ಕೆ ಸುರಿದ. ಮತ್ತೆ ಓಡಿದ. ಮತ್ತೆ ಸುರಿದ.

"ಏ ಯಪ್ಪಾ! ಹುಚ್ಚು ಹಿಡೀತೇನು?" ಹುಲಿಗೆವ್ವ ಕೂಗಿದಳು. "ನನ್ನ ಮಂದೀದು ಎರಡು ವಾರದ ಬೆವರದು!"

"ಸುಟ್ಟದ್ದು ತಿರುಗಿ ಮಣ್ಣಾಗೂದಿಲ್ಲ ಹುಲಿಗೆವ್ವಾ. ಇವಿನ್ನೂ ಹಸಿ ಅದಾವ. ಬರ್ರೆ! ನಿಮ್ಮ ಕಾಲಿಗೆ ಬೀಳ್ತೀನಿ!"

ಹುಲಿಗೆವ್ವ ಮಳೆಯಲ್ಲಿ ನಿಂತು ಅವನ ಮುಖ ನೋಡಿದಳು. ಈ ಸಲ ಅಲ್ಲಿ ಬೇರೆ ಏನೋ ಕಂಡಿರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನು ನೋಡಾಕ ಹತ್ತೀರಿ? ಹೇರ್ರಿ ಕತ್ತಿಗೋಳ ಮ್ಯಾಲೆ!"

ತಗ್ಗಿನಹಾಳದವರು ಅರ್ಧ ಎದ್ದ ಗೋಡೆಗಳನ್ನು ಬಿಟ್ಟು ಓಡಿ ಬಂದರು. ಆರು ಕತ್ತೆ, ನೂರೈವತ್ತು ಜನ. ಇಟ್ಟಿಗೆಗಳು ಬಿದ್ದಲ್ಲೇ ಮಳೆಗೆ ಕರಗಿ ಮಣ್ಣಾಗುತ್ತಿದ್ದವು. ಮಹಾದ್ವಾರ ಮೊದಲು ಹೋಯಿತು. ಆಮೇಲೆ ಪೌಳಿ ಹೋಯಿತು.

ಗಂಗವ್ವ ಬುಟ್ಟಿ ತುಂಬ ಸಗಣಿ ಗೊಬ್ಬರ ಹೊತ್ತು ತಂದಳು. "ಎಂಟು ತಿಂಗಳು ಇದರಾಗ ಮಲಗೀನಿ. ಇದರ ಬೆಲಿ ನನಗಷ್ಟ ಗೊತ್ತು," ಎಂದು ಸುರಿದು, ಕೆಮ್ಮಿ, ಇನ್ನೊಂದು ಬುಟ್ಟಿಗೆ ಹೋದಳು.

ಮಣ್ಣು ಕಂಬದ ಸುತ್ತ ಮೊಣಕಾಲು ಏರಿತು, ತೊಡೆ ಏರಿತು. ಅಷ್ಟರಲ್ಲಿ ಕಂಬ ಸೀಳಿತು.

ಅಜ್ಜ ಕಂಬಳಿಯ ಸಮೇತ ಜಾರಿದರು. ಹೊಸ ಮಣ್ಣಿನ ಮೆತ್ತನೆಯ ಇಳಿಜಾರಿನ ಮೇಲೆ, ಬೆಣ್ಣೆಯ ಮೇಲೆ ಬೆಲ್ಲದ ಹೆಂಟೆ ಜಾರಿದ ಹಾಗೆ, ಸುಯ್ಯೆಂದು ಬಂದು ಮುರಿಗೆಪ್ಪನ ತೊಡೆಯ ಮೇಲೆ ಕೂತರು.

ಜನವೆಲ್ಲ ಬುಟ್ಟಿ ಕೆಳಗಿಟ್ಟು ಸುತ್ತ ನೆರೆದರು.

"ಎಂಬತ್ತು ವರ್ಷಕ್ಕ ಇಂಥಾ ಮಜಾ ಕಂಡಿದ್ದಿಲ್ಲ," ಎಂದರು ಅಜ್ಜ.

ಮುರಿಗೆಪ್ಪ ಅವರನ್ನು ತಬ್ಬಿಕೊಂಡು ಅತ್ತ. ಅಜ್ಜ ಅವನ ಬೆನ್ನು ಸವರುತ್ತ ಕೂತರು. ಇಬ್ಬರ ಮೇಲೂ ಮಳೆ ಸುರಿಯುತ್ತಿತ್ತು. ಯಾರು ಗುರು, ಯಾರು ಶಿಷ್ಯ, ಯಾವುದು ಕೆಸರು ಎಂದು ಹೇಳುವಂತಿರಲಿಲ್ಲ.

ಮಳೆ ನಿಂತ ಮೇಲೆ ಮುರಿಗೆಪ್ಪ ಎದ್ದು ಸುತ್ತ ನೋಡಿದ. ತುಂಬಿದ್ದು ಎಷ್ಟೋ, ಇನ್ನೂ ಮೊಣಕಾಲು ಮೀರಿದ ತಗ್ಗು ಉಳಿದಿತ್ತು.

"ಉಳಿದದ್ದನ್ನೂ ತುಂಬಸ್ತೀನಿ ಅಜ್ಜಾರ. ಬೇಕಾದ್ರ ಮನಿ ಗ್ವಾಡಿ ಕೆಡವಿ..."

"ಕೆಡವಿದ್ರ ಕೈ ಮುರೀತೀನಿ."

"ಮತ್ತ ಈ ತಗ್ಗು?"

"ಇದು ಮನಿಗೋಳ ತಗ್ಗು. ಇರಲಿ. ಜನ ಬೆಚ್ಚಗ ಮಲಗಿದ್ದಕ್ಕ ನೆಲ ಇಷ್ಟು ಕೊಟ್ಟೈತಿ ಅಂತ ಕಾಣಲಿ."

"ತುಂಬಿದ್ದು?"

"ಅದು ನನ್ನ ಹೆಸರಿನ ತಗ್ಗು. ಅದೊಂದು ಉಳಿಯಬಾರದು."

ಮೃಗಶಿರಾ ಮಳೆ ಹಿಡಿಯುವ ಮೊದಲು ನಲವತ್ತು ಮನೆಯೂ ಮುಗಿದವು. ಗಂಗವ್ವ ತನ್ನ ಕಟ್ಟೆಯ ಮೇಲೆ ಕೂತು ಮೊದಲ ದಿನವೇ ಹದಿನೇಳು ಜನರನ್ನು ಬೈದಳು. ಗೋಡೆಯ ಬಿಸುಪಿಗೆ ಅವಳ ಕೆಮ್ಮು ನಿಂತಿತು. ಬೈಗುಳದ ನಡುವೆ ಉಸಿರಿಗೂ ಜಾಗವಿಲ್ಲದಾಯಿತು.

ತಗ್ಗಿನಹಾಳದ ಪ್ರತಿ ಮನೆಯವರೂ ವಾರಕ್ಕೊಂದು ಬುಟ್ಟಿ ಗೊಬ್ಬರ ತಂದು ಹೊಲಕ್ಕೆ ಹಾಕಿದರು. ಮುರಿಗೆಪ್ಪ ಕೆರೆಯ ಹೂಳು ಹೊತ್ತು ಹೊತ್ತು ಹೆಗಲಿಗೆ ಎತ್ತಿನ ಹೆಗಲಿನಂತೆ ಜಡ್ಡು ಬರಿಸಿಕೊಂಡ. ಮರುವರ್ಷವೇ ಹೊಲ ಮೊದಲಿನ ಹಾಗೆ ಬೆಳೆಯಿತು.

ಇಷ್ಟೂ ಸತ್ಯ. ಒಂದೇ ಒಂದು ಸಣ್ಣ ಮಾತನ್ನು ಮಾತ್ರ, ಕೇಳುವವರ ಮುಖ ಬಾಡಬಾರದೆಂದು, ಬಾಯಿ ತಾನಾಗಿಯೇ ಸೇರಿಸಿಬಿಟ್ಟಿತು: ಆ ಕೊನೆಯದು, ಮರುವರ್ಷವೇ ಬೆಳೆಯಿತು ಎಂದದ್ದು.

ಬೆಳೆಯಲಿಲ್ಲ. ಜೋಳ ಮೊಣಕಾಲೆತ್ತರ ಬಂದು ನಿಂತಿತು. ಅದರ ಮುಂದಿನ ವರ್ಷ ತೊಡೆಯೆತ್ತರ. ತೆನೆ ಹೆಬ್ಬೆರಳಿನಷ್ಟು. ದಾಸೋಹಕ್ಕೆ ತಗ್ಗಿನಹಾಳದವರು ಮನೆಗೊಂದು ರೊಟ್ಟಿ ತಂದುಕೊಟ್ಟರು.

ಮುರಿಗೆಪ್ಪ ಆ ಸಣ್ಣ ತೆನೆಯನ್ನು ತಂದು ಅಜ್ಜನ ಮುಂದೆ ಇಟ್ಟ.

"ಎರಡು ವರ್ಷ ಗೊಬ್ಬರ ಹೊತ್ನಿ ಅಜ್ಜಾರ. ಹೊಲ ಇನ್ನೂ ನನ್ನ ಕ್ಷಮಿಸಿಲ್ಲ."

ಅಜ್ಜ ತೆನೆಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಚಿದರು.

"ಕ್ಷಮಿಸಲಿ ಅಂತ ಹೊರಾಕ ಹತ್ತಿದ್ದೇನು? ಹಸದೈತಿ ಅಂತ ಹೊರು."